ಎಫ್3 ಬ್ಲಾಕ್‌ನ ಹೊಳೆಯುವ ಪಟ್ಟಿ: ಸೈಸ್ಮಿಕ್‌ಗೂ ಬಾವಿಯ ಲಾಗ್‌ಗೂ ತಾಳೆ ಹಾಕುವುದು

ಉತ್ತರ ಸಮುದ್ರದಲ್ಲಿ ನೆದರ್ಲೆಂಡ್ಸ್‌ಗೆ ಸೇರಿದ ಭಾಗದಲ್ಲಿ ಎಫ್3 ಅಂತ ಒಂದು ಬ್ಲಾಕ್ ಇದೆ. 1987ರಲ್ಲಿ ಅಲ್ಲಿ ತ್ರೀಡಿ ಸೈಸ್ಮಿಕ್ ಸರ್ವೆ ನಡೆಯಿತು, ಅಂದರೆ ಸದ್ದಿನ ಅಲೆ ಕಳಿಸಿ ಪದರಗಳಿಂದ ವಾಪಸ್ ಬರುವ ಪ್ರತಿಧ್ವನಿ ಹಿಡಿಯುವ ಸರ್ವೆ. ಆಗ ಹುಡುಕುತ್ತಿದ್ದದ್ದು ಆಳದಲ್ಲಿರುವ ಜುರಾಸಿಕ್ ಕೊನೆಯ, ಕ್ರಿಟೇಶಿಯಸ್ ಮೊದಲ ಭಾಗದ ಪದರಗಳ ಎಣ್ಣೆ, ಗ್ಯಾಸ್. ಇವತ್ತು ಜಿಯೋಫಿಸಿಕ್ಸ್ ಕಲಿಯುವವರು ಆ ಆಳಕ್ಕೆ ಇಳಿಯುವುದೇ ಕಡಿಮೆ. ಎಲ್ಲರ ಕಣ್ಣು ಮೇಲಿನ 1200 ಮಿಲಿಸೆಕೆಂಡಿನ ಮೇಲೆ (ಸೈಸ್ಮಿಕ್‌ನಲ್ಲಿ ಆಳದ ಬದಲು ಅಲೆ ಹೋಗಿಬರುವ ಸಮಯ). ಅಲ್ಲಿ ಮಯೋಸೀನ್‌ನಿಂದ ಪ್ಲೈಸ್ಟೊಸೀನ್‌ವರೆಗಿನ ಪದರಗಳಿವೆ. ಬಾಲ್ಟಿಕ್ ಕಡೆಯಿಂದ ಹರಿದುಬಂದ ಬೃಹತ್ ನದಿವ್ಯವಸ್ಥೆ ಕಟ್ಟಿದ ಡೆಲ್ಟಾ, ಅದರ ಓರೆಯಾದ ಪದರಗಳು, ನಡುನಡುವೆ ಥಟ್ಟನೆ ಹೊಳೆಯುವ ಕೆಲವು ಪಟ್ಟಿಗಳು. ಇವನ್ನೇ ಬ್ರೈಟ್ ಸ್ಪಾಟ್ ಅನ್ನುವುದು. ಇಲ್ಲಿ ಅವಕ್ಕೆ ಕಾರಣ ಸೂಕ್ಷ್ಮಾಣುಗಳಿಂದ ಹುಟ್ಟಿದ, ಸಣ್ಣಪುಟ್ಟ ಜಾಗಗಳಲ್ಲಿ ಸೇರಿಕೊಂಡ ಗ್ಯಾಸ್.

ಈ ದತ್ತಾಂಶ ಉಚಿತ. ಓಪನ್‌ಡಿಟೆಕ್ಟ್ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ತೆರೆಯುತ್ತದೆ. ಸರ್ವೆಯ ಗೆರೆಗಳು ಒಂದು ದಿಕ್ಕಿಗೆ ಇನ್‌ಲೈನ್ 100ರಿಂದ 750, ಅಡ್ಡ ದಿಕ್ಕಿಗೆ ಕ್ರಾಸ್‌ಲೈನ್ 300ರಿಂದ 1250, ಎರಡೂ ದಿಕ್ಕಿಗೆ 25 ಮೀಟರ್ ಅಂತರ. ಅಂದರೆ ಸುಮಾರು 16ಕ್ಕೆ 24 ಕಿಲೋಮೀಟರ್ ಜಾಗ. ಸ್ಯಾಂಪಲ್ 4 ಮಿಲಿಸೆಕೆಂಡಿಗೊಂದು. ಬಾವಿಗಳು ನಾಲ್ಕು: ಎಫ್02-1, ಎಫ್03-2, ಎಫ್03-4, ಎಫ್06-1. ಲ್ಯಾಪ್‌ಟಾಪ್ ಇದ್ದರೆ ಒಂದು ಸಂಜೆಯಲ್ಲಿ ತೆರೆದು ನೋಡಬಹುದು. ಬಹಳ ಜನ ಹಾಗೆ ತೆರೆದು, ಹೊಳೆಯುವ ಪಟ್ಟಿ ಕಂಡ ಕೂಡಲೇ ಸುತ್ತ ಗೆರೆ ಎಳೆದು, ಒಳಗೆ "ಗ್ಯಾಸ್" ಅಂತ ಬರೆದು ಮುಗಿಸುತ್ತಾರೆ. ಅಲ್ಲಿಗೆ ಕೆಲಸ ಶುರುವೂ ಆಗಿರುವುದಿಲ್ಲ.

ನಮ್ಮೂರ ಕಡೆ ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಸುವುದು ಎಲ್ಲರಿಗೂ ಗೊತ್ತು. ನೆಲಕ್ಕೆ ಕಂಬಿ ಚುಚ್ಚಿ ಕರೆಂಟ್ ಹರಿಸಿ ರೆಸಿಸ್ಟಿವಿಟಿ ಅಳೆಯುತ್ತಾರೆ. ನಮ್ಮ ಗಟ್ಟಿಕಲ್ಲಿನಲ್ಲಿ ಅದು ಕಡಿಮೆ ಬಂದ ಕಡೆ ಬಿರುಕಿದೆ, ನೀರಿರಬಹುದು ಅಂತ ಲೆಕ್ಕ. ಎಣ್ಣೆ-ಗ್ಯಾಸ್ ಹುಡುಕುವವರು ಅದೇ ಭೌತಶಾಸ್ತ್ರವನ್ನು ತಿರುಗಿಸಿ ಓದುತ್ತಾರೆ: ಮರಳುಗಲ್ಲಿನಲ್ಲಿ ರೆಸಿಸ್ಟಿವಿಟಿ ಜಾಸ್ತಿ ಬಂದರೆ ಆಸೆ, ಕಡಿಮೆ ಬಂದರೆ ಉಪ್ಪುನೀರು. ಆದರೆ ಅಷ್ಟು ಆಳದಲ್ಲಿ ಅದನ್ನು ಸರಿಯಾಗಿ ಅಳೆಯಲು ಬಾವಿ ಕೊರೆದಿರಬೇಕು. ಬಾವಿಗೆ ಮೊದಲು ಕೈಯಲ್ಲಿರುವುದು ಮುಖ್ಯವಾಗಿ ಸೈಸ್ಮಿಕ್, ಮತ್ತು ಸೈಸ್ಮಿಕ್ ಗ್ಯಾಸನ್ನು ನೋಡುವುದಿಲ್ಲ. ಅದು ನೋಡುವುದು ಎರಡು ಪದರಗಳ ನಡುವಿನ ವ್ಯತ್ಯಾಸವನ್ನು ಮಾತ್ರ.

ಆ ವ್ಯತ್ಯಾಸ ಇಂಪೀಡೆನ್ಸ್‌ನದು, ಅಂದರೆ ವೇಗವನ್ನು ಸಾಂದ್ರತೆಯಿಂದ ಗುಣಿಸಿದ್ದು. ಸುಮಾರು 500 ಮೀಟರ್ ಆಳದ ಎಳೆಯ ಪದರಕ್ಕೆ ಹೊಂದುವ ಉದಾಹರಣೆ ತೆಗೆದುಕೊಳ್ಳೋಣ. ಮೇಲೆ ಶೇಲ್ (ಜೇಡಿಕಲ್ಲು): ವೇಗ ಸೆಕೆಂಡಿಗೆ 2100 ಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 2.10 ಗ್ರಾಂ. ಗುಣಿಸಿದರೆ 4410. ಕೆಳಗೆ ನೀರು ತುಂಬಿದ ಮರಳು: 2050 ಮತ್ತು 2.05, ಸುಮಾರು 4200. ಅದೇ ಮರಳಿನಲ್ಲಿ ಗ್ಯಾಸ್ ಇದ್ದರೆ 1700 ಮತ್ತು 1.85, ಸುಮಾರು 3145. ಕೆಳಗಿನದರಲ್ಲಿ ಮೇಲಿನದನ್ನು ಕಳೆದು ಎರಡರ ಮೊತ್ತದಿಂದ ಭಾಗಿಸಿದರೆ ಪ್ರತಿಫಲನದ ಅಂಕಿ ಸಿಗುತ್ತದೆ. ನೀರಿಗೆ −0.024, ಗ್ಯಾಸ್‌ಗೆ −0.167. ಏಳು ಪಟ್ಟು. ಪರದೆ ಮೇಲೆ ಕಣ್ಣು ಕುಕ್ಕುವುದು ಈ ಏಳು ಪಟ್ಟು.

ಚಿಹ್ನೆ ಗಮನಿಸಿ: ಎರಡೂ ಋಣ. ಗ್ಯಾಸ್ ಮರಳು ಮೇಲಿನ ಶೇಲ್‌ಗಿಂತ ಮೆದು. ಎಫ್3ಯ ಡೆಲ್ಟಾದಲ್ಲಿ ಸುಣ್ಣದಿಂದ ಬೆಸೆದುಕೊಂಡ ತೆಳು ಪಟ್ಟಿಗಳೂ ಇವೆ. ಅವೂ ಹೊಳೆಯುತ್ತವೆ, ಆದರೆ ಅವು ಗಟ್ಟಿ, ಚಿಹ್ನೆ ಧನ. ಹಾಗಾಗಿ ಆಂಪ್ಲಿಟ್ಯೂಡ್‌ನ (ಪ್ರತಿಫಲನದ ಬಲದ) ವರ್ಗಗಳ ಸರಾಸರಿಯ ವರ್ಗಮೂಲ ತೆಗೆದು ಮ್ಯಾಪ್ ಮಾಡಿದರೆ ಮೆದುವೂ ಗಟ್ಟಿಯೂ ಒಂದೇ ಬಣ್ಣದಲ್ಲಿ ಕೂರುತ್ತವೆ. ಗ್ಯಾಸ್ ಹುಡುಕುವಾಗ ಅಂಥ ಮ್ಯಾಪ್‌ನಿಂದ ಆರಂಭಿಸುವುದು ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿದ ಹಾಗೆಯೇ. ಮೊದಲು ಚಿಹ್ನೆಯಿರುವ ಆಂಪ್ಲಿಟ್ಯೂಡ್ ನೋಡಿ. ಅದಕ್ಕೂ ಮೊದಲು, ಈ ದತ್ತಾಂಶದಲ್ಲಿ ಧನ ಅಂದರೆ ಗಟ್ಟಿಯೋ ಮೆದುವೋ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಸಂಸ್ಕರಣೆ ಮಾಡಿದವರು ಎರಡರಲ್ಲಿ ಯಾವ ಸಂಪ್ರದಾಯವನ್ನಾದರೂ ಅನುಸರಿಸಿರಬಹುದು. ಶೇಲ್‌ನಿಂದ ಸುಣ್ಣಕಲ್ಲಿಗೆ ಇಳಿಯುವ ಗಡಿಯಂಥ, ಅನುಮಾನವೇ ಇಲ್ಲದ ಗಟ್ಟಿ ಗಡಿ ಒಂದನ್ನು ಹಿಡಿದು ಅದು ಯಾವ ಬಣ್ಣದಲ್ಲಿದೆ ನೋಡಿದರೆ ಉತ್ತರ ಸಿಗುತ್ತದೆ.

ತಾಳೆ ಹಾಕುವುದು

ಸೈಸ್ಮಿಕ್ ಇರುವುದು ಸಮಯದಲ್ಲಿ, ಲಾಗ್ (ಬಾವಿಗೆ ಉಪಕರಣ ಇಳಿಸಿ ತೆಗೆದ ಅಳತೆಗಳ ದಾಖಲೆ) ಇರುವುದು ಆಳದಲ್ಲಿ. ಇವೆರಡನ್ನು ಕೂಡಿಸುವ ಕೆಲಸವನ್ನು ವೆಲ್ ಟೈ ಅನ್ನುತ್ತಾರೆ. ಲೆಕ್ಕದ ಪುಸ್ತಕ ತಾಳೆ ನೋಡಿದ ಹಾಗೆಯೇ ಇದು. ತಪ್ಪುಗಳೂ ಅದೇ ಜಾತಿಯವು, ಸಣ್ಣವು ಮತ್ತು ಮೊದಲ ಪುಟದಲ್ಲೇ ಇರುವಂಥವು.

ಮೊದಲನೆಯದು ಸೊನ್ನೆ ಎಲ್ಲಿ ಅನ್ನುವುದು. ಲಾಗ್‌ನ ಆಳ ರಿಗ್‌ನ ನೆಲದಿಂದ ಶುರುವಾಗುತ್ತದೆ, ಸೈಸ್ಮಿಕ್‌ನ ಸಮಯ ಸಮುದ್ರಮಟ್ಟದಿಂದ. ರಿಗ್ ನೆಲ 30 ಮೀಟರ್ ಎತ್ತರದಲ್ಲಿದ್ದು ಅದನ್ನು ಕಳೆಯಲು ಮರೆತರೆ, ವೇಗ 2000 ಇರುವ ಪದರದಲ್ಲಿ 30 ಮಿಲಿಸೆಕೆಂಡು ಜಾರುತ್ತದೆ. ಅಷ್ಟು ಜಾರಿದರೆ ನೀವು ತಾಳೆ ಹಾಕುತ್ತಿರುವುದು ಪಕ್ಕದ ಪದರದ ಜೊತೆಗೆ. ಅದೂ ಚೆಂದವಾಗಿ ಕೂತ ಹಾಗೆ ಕಾಣುತ್ತದೆ, ಅದೇ ಅಪಾಯ.

ಎರಡನೆಯದು ಸೋನಿಕ್‌ನ ಮಾನ. ಸೋನಿಕ್ ಲಾಗ್ ವೇಗವನ್ನು ಕೊಡುವುದಿಲ್ಲ, ಒಂದು ಅಡಿ ಅಥವಾ ಒಂದು ಮೀಟರ್ ದಾಟಲು ಹಿಡಿದ ಮೈಕ್ರೋಸೆಕೆಂಡುಗಳನ್ನು ಕೊಡುತ್ತದೆ. ಅಡಿಗೆ 100 ಅಂದರೆ ವೇಗ 3048. ಅದೇ 100ನ್ನು ಮೀಟರಿಗೆ ಅಂತ ಓದಿದರೆ ವೇಗ 10,000. ಭೂಮಿಯ ಮ್ಯಾಂಟಲ್‌ನ ಮೇಲ್ಭಾಗದಲ್ಲೂ ಇಷ್ಟು ವೇಗ ಇಲ್ಲ. ಲಾಗ್ ಇಟ್ಟಿರುವ ಲಾಸ್ ಫೈಲಿನ ತಲೆಬರಹದಲ್ಲಿ ಮಾನ ಬರೆದಿರುತ್ತದೆ. ಓದಿ. ಆಮೇಲೆ ನಂಬದೆ ಒಂದೆರಡು ಅಂಕಿಗಳನ್ನು ಕೈಯಲ್ಲಿ ಲೆಕ್ಕ ಹಾಕಿ.

ಮೂರನೆಯದು ಸೋನಿಕ್ ಶುರುವಾಗುವ ಮೊದಲಿನ ಖಾಲಿ ಜಾಗ. ಕೇಸಿಂಗ್ ಇಳಿಸಿದ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಲಾಗ್ ಇರುವುದಿಲ್ಲ. ಆ ಜಾಗ 300 ಮೀಟರ್ ಅನ್ನಿ. ಅದಕ್ಕೆ ವೇಗ 1800 ಅಂತ ಊಹಿಸಿದರೆ ಹೋಗಿಬರುವ ಸಮಯ 333 ಮಿಲಿಸೆಕೆಂಡು, 1900 ಅಂತ ಊಹಿಸಿದರೆ 316. ಹದಿನೇಳು ಮಿಲಿಸೆಕೆಂಡು ಬರೀ ಊಹೆಯ ಮೇಲೆ. ಚೆಕ್‌ಶಾಟ್ ಬೇಕಾಗುವುದು ಇದಕ್ಕೆ. ಮೇಲೆ ಸದ್ದು ಮಾಡಿ, ಬಾವಿಯೊಳಗೆ ಗೊತ್ತಾದ ಆಳದಲ್ಲಿ ಕಿವಿಗೊಟ್ಟು ಸಮಯ ಅಳೆಯುವುದು. ಸೋನಿಕ್ ಹತ್ತಾರು ಸಾವಿರ ಹರ್ಟ್ಜ್‌ನಲ್ಲಿ ಅಳೆದರೆ ಸೈಸ್ಮಿಕ್ ಹತ್ತಾರು ಹರ್ಟ್ಜ್‌ನಲ್ಲಿ ಓಡುತ್ತದೆ. ಅದೇ ಕಲ್ಲಿನಲ್ಲಿ ಹೆಚ್ಚು ಕಂಪನಾಂಕದ ಅಲೆ ತುಸು ಬೇಗ ಹೋಗುವುದರಿಂದ, ಸೋನಿಕ್ ಕೂಡಿಸಿ ಬಂದ ಸಮಯ ಚೆಕ್‌ಶಾಟ್‌ಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಉಲ್ಟಾ ಬಂದರೆ ಸೋನಿಕ್‌ನಲ್ಲಿ ಸೈಕಲ್ ಸ್ಕಿಪ್ ಇದೆಯಾ ನೋಡಿ: ರಿಸೀವರ್ ಮೊದಲ ಅಲೆಯನ್ನು ತಪ್ಪಿಸಿಕೊಂಡು ಮುಂದಿನದನ್ನು ಹಿಡಿದಿದೆ, ಗ್ರಾಫ್‌ನಲ್ಲಿ ಮುಳ್ಳುಗಳು ಎದ್ದಿವೆ. ಆದರೆ ಕಂಡ ಮುಳ್ಳನ್ನೆಲ್ಲ ಕತ್ತರಿಸಬೇಡಿ. ಗ್ಯಾಸ್ ಇರುವ ಮರಳಿನಲ್ಲಿ ಅಲೆ ಕ್ಷೀಣಿಸಿ ಸ್ಕಿಪ್ ಆಗುವುದೂ ಇದೆ. ಆಗ ಆ ದೋಷವೇ ಒಂದು ಸುಳಿವು.

ಇಷ್ಟಾದ ಮೇಲೆ ಸಿಂಥೆಟಿಕ್. ವೇಗ, ಸಾಂದ್ರತೆಗಳಿಂದ ಪ್ರತಿಫಲನದ ಸರಣಿ ಮಾಡಿ, ಅದಕ್ಕೆ ಒಂದು ವೇವ್‌ಲೆಟ್ (ಸೈಸ್ಮಿಕ್ ಅಲೆಯ ಆಕಾರ) ಬೆರೆಸಿ, ಬಾವಿಯ ಪಕ್ಕದ ನಿಜವಾದ ಟ್ರೇಸ್ (ಒಂದು ಜಾಗದ ಸೈಸ್ಮಿಕ್ ದಾಖಲೆ) ಜೊತೆ ಇಟ್ಟು ನೋಡುವುದು. ಮೊದಲ ಸಲಕ್ಕೆ 30–40 ಹರ್ಟ್ಜ್‌ನ, ರಿಕರ್ ಅನ್ನುವ ಸಿದ್ಧ ವೇವ್‌ಲೆಟ್ ಸಾಕು. ಸರಿಸುಮಾರು ಕೂತ ಮೇಲೆ 500 ಮಿಲಿಸೆಕೆಂಡಿಗೆ ಕಡಿಮೆಯಿಲ್ಲದ ಕಿಟಕಿಯಿಂದ ವೇವ್‌ಲೆಟ್ ಎಳೆಯಿರಿ. ಇಡೀ ಸಿಂಥೆಟಿಕ್ ಅನ್ನು ಮೇಲಕ್ಕೋ ಕೆಳಕ್ಕೋ ಒಟ್ಟಿಗೆ ಸರಿಸುವುದು ತಪ್ಪಲ್ಲ. ಹಿಗ್ಗಿಸಿ ಕುಗ್ಗಿಸಿ ಕೂರಿಸುವುದರಲ್ಲಿ ಮೋಸ ನುಸುಳುತ್ತದೆ. ಮೌಸ್ ಹಿಡಿದು ಎಳೆದರೆ ಯಾವ ಬಾವಿಯನ್ನು ಯಾವ ಟ್ರೇಸ್‌ಗೆ ಬೇಕಾದರೂ ಕೂರಿಸಬಹುದು. ಪ್ರತಿ ಎಳೆತದ ನಂತರ ಆ ಭಾಗದ ವೇಗ ಎಷ್ಟಾಯಿತು ನೋಡಿ. 2000 ಇರಬೇಕಾದ ಶೇಲ್ 2600 ಅಂದರೆ ವಾಪಸ್ ಬನ್ನಿ. ನೂರು ಮಿಲಿಸೆಕೆಂಡಿನ ಕಿಟಕಿಯಲ್ಲಿ ಬಂದ 0.9 ಹೊಂದಿಕೆಗಿಂತ 600 ಮಿಲಿಸೆಕೆಂಡಿನಲ್ಲಿ ಬಂದ 0.65ಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅಳೆದ ಅಂಕಿ, ಹುಟ್ಟಿಸಿದ ಅಂಕಿ

ಎಫ್3ಯಲ್ಲಿ ಬಹಳ ಜನ ಎಡವುವ ಕಲ್ಲು ಇಲ್ಲಿದೆ. ನಾಲ್ಕು ಬಾವಿಗೂ ಸೋನಿಕ್ ಇದೆ, ಗಾಮಾ ರೇ (ಕಲ್ಲಿನ ಸಹಜ ವಿಕಿರಣದ ಅಳತೆ, ಶೇಲ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು) ಇದೆ, ಸಾಂದ್ರತೆಯೂ ಇದೆ, ರಂಧ್ರತೆಯೂ (ಕಲ್ಲಿನೊಳಗಿನ ಖಾಲಿ ಜಾಗದ ಪಾಲು) ಇದೆ. ಸಂಪೂರ್ಣ ಸೆಟ್ ಅನ್ನಿಸುತ್ತದೆ. ಆದರೆ ಸಾಂದ್ರತೆ ನಿಜವಾಗಿ ಅಳೆದದ್ದು ಎಫ್02-1 ಮತ್ತು ಎಫ್03-2ರಲ್ಲಿ ಮಾತ್ರ. ಉಳಿದೆರಡಕ್ಕೆ, ಈ ಎರಡರ ಮೇಲೆ ತರಬೇತಿ ಕೊಟ್ಟ ನ್ಯೂರಲ್ ನೆಟ್‌ವರ್ಕ್ ಸೋನಿಕ್ ಮತ್ತು ಗಾಮಾ ರೇ ನೋಡಿ ಊಹಿಸಿ ಬರೆದದ್ದು. ಅಂದರೆ ಎಫ್03-4ರಲ್ಲೂ ಎಫ್06-1ರಲ್ಲೂ ಸಾಂದ್ರತೆ ಅನ್ನುವುದು ಸೋನಿಕ್‌ನದೇ ಇನ್ನೊಂದು ವೇಷ. ಅಲ್ಲಿ ಸೋನಿಕ್‌ಗೂ ಸಾಂದ್ರತೆಗೂ ಕ್ರಾಸ್‌ಪ್ಲಾಟ್ ಹಾಕಿ "ಎಷ್ಟು ಚೆನ್ನಾಗಿ ಹೊಂದುತ್ತಿದೆ" ಅಂದರೆ, ಉತ್ತರ ಪತ್ರಿಕೆಯನ್ನು ಅದರ ನಕಲಿನ ಜೊತೆ ಹೋಲಿಸಿ ಮಾರ್ಕ್ಸ್ ಕೊಟ್ಟ ಹಾಗೆ.

ರಂಧ್ರತೆಯೂ ಅಷ್ಟೇ. ಅದನ್ನು ಒಂದೇ ಸೂತ್ರದಿಂದ ತೆಗೆದಿದ್ದಾರೆ: 2.65ರಲ್ಲಿ ಅಳತೆಯ ಸಾಂದ್ರತೆ ಕಳೆದು, 2.65ರಲ್ಲಿ 1.05 ಕಳೆದದ್ದರಿಂದ ಭಾಗಿಸುವುದು. 2.65 ಸ್ಫಟಿಕದ್ದು, 1.05 ಉಪ್ಪುನೀರಿನದು. ಸೂತ್ರ ಸರಿಯೇ, ಆದರೆ ರಂಧ್ರದಲ್ಲಿ ನೀರೇ ಇದೆ ಅನ್ನುವುದು ಅದರ ಹೊಟ್ಟೆಯಲ್ಲಿರುವ ಷರತ್ತು. ನೂರಕ್ಕೆ 30 ರಂಧ್ರವಿರುವ ಮರಳಿನಲ್ಲಿ ನೀರು ತುಂಬಿದ್ದರೆ ಸಾಂದ್ರತೆ 2.17 ಬರುತ್ತದೆ, ಸೂತ್ರ 30 ಅನ್ನುತ್ತದೆ. ಅದೇ ಮರಳಿನ ರಂಧ್ರಗಳಲ್ಲಿ 80 ಪಾಲು ಗ್ಯಾಸ್ ಇದೆ ಅನ್ನಿ. 500 ಮೀಟರ್ ಆಳದಲ್ಲಿ ಗ್ಯಾಸ್‌ನ ಸಾಂದ್ರತೆ 0.04ರ ಆಸುಪಾಸು. ಆಗ ಮರಳಿನ ಸಾಂದ್ರತೆ 1.93. ಸೂತ್ರ ಹೇಳುವ ರಂಧ್ರತೆ 45! ಈ ಡೆಲ್ಟಾದ ಮರಳಿನಲ್ಲಿ ರಂಧ್ರತೆ 20ರಿಂದ 33 ಅಂತ ಗೊತ್ತಿರುವವನಿಗೆ 45 ಕಂಡ ಕೂಡಲೇ ಗಂಟೆ ಬಾರಿಸಬೇಕು. ಕೊರೆಯುವಾಗ ಬಾವಿಗೆ ತುಂಬುವ ಕೆಸರಿನ ನೀರು ಬಾವಿಯ ಗೋಡೆಯೊಳಗೆ ಇಳಿದು ಗ್ಯಾಸನ್ನು ಹಿಂದಕ್ಕೆ ತಳ್ಳಿರುತ್ತದೆ. ಸಾಂದ್ರತೆಯ ಉಪಕರಣ ಗೋಡೆಯ ಕೆಲವು ಇಂಚು ಮಾತ್ರ ನೋಡುವುದರಿಂದ ನಿಜವಾದ ಓದು 30 ಮತ್ತು 45ರ ನಡುವೆ ಎಲ್ಲೋ ಬೀಳುತ್ತದೆ. ಅದು ಇನ್ನೂ ಕೆಟ್ಟದ್ದು, 38 ಕಂಡರೆ ಯಾರಿಗೂ ಗಂಟೆ ಕೇಳಿಸುವುದಿಲ್ಲ.

ನ್ಯೂಟ್ರಾನ್ ಲಾಗ್ ಇರುವ ಬಾವಿಯಲ್ಲಿ ಈ ತಾಪತ್ರಯ ಕಡಿಮೆ. ನ್ಯೂಟ್ರಾನ್ ಎಣಿಸುವುದು ಹೈಡ್ರೋಜನ್ನನ್ನು. ಗ್ಯಾಸ್‌ನಲ್ಲಿ ಅದು ಕಡಿಮೆ, ಹಾಗಾಗಿ ರಂಧ್ರತೆ ಕಡಿಮೆ ತೋರಿಸುತ್ತದೆ, ಸಾಂದ್ರತೆಯ ಲಾಗ್ ಜಾಸ್ತಿ ತೋರಿಸುತ್ತದೆ. ಎರಡು ಗೆರೆಗಳು ಒಂದನ್ನೊಂದು ದಾಟಿ ಅಗಲವಾಗಿ ಬಾಯಿ ಬಿಡುತ್ತವೆ. ಅದನ್ನು ನಂಬುವ ಮೊದಲು ಬಾವಿಯ ಅಗಲ ಅಳೆಯುವ ಕ್ಯಾಲಿಪರ್ ನೋಡಿ. ಗೋಡೆ ಕುಸಿದು ಬಾವಿ ಅಗಲವಾದ ಕಡೆ ಸಾಂದ್ರತೆಯ ಪ್ಯಾಡ್ ಕಲ್ಲಿಗೆ ತಾಗದೆ ಕೆಸರನ್ನು ಅಳೆದಿರುತ್ತದೆ. ಕುಸಿತವೂ ಸಾಂದ್ರತೆ ಕಡಿಮೆ ಮಾಡುತ್ತದೆ, ಗ್ಯಾಸೂ ಮಾಡುತ್ತದೆ.

ಐದು ಪಾಲಿನ ಕಾಟ

ತಾಳೆ ಕೂತಿತು, ಪಟ್ಟಿ ಮೆದು ಅಂತ ಖಚಿತವಾಯಿತು. ಗ್ಯಾಸ್ ಅನ್ನೋಣವೇ? ಅನ್ನಬಹುದು. ಎಷ್ಟು ಅಂತ ಕೇಳಿದರೆ ಮಾತ್ರ ಸೈಸ್ಮಿಕ್ ತಲೆ ತಗ್ಗಿಸುತ್ತದೆ. ರಂಧ್ರದ ನೀರಿಗೆ ನೂರಕ್ಕೆ ಐದು ಪಾಲು ಗ್ಯಾಸ್ ಬೆರೆತರೂ ದ್ರವದ ಬಿಗಿತ ಕುಸಿದು ಅಲೆಯ ವೇಗ ಧಡಕ್ಕನೆ ಇಳಿಯುತ್ತದೆ. ಅಲ್ಲಿಂದ ಎಂಬತ್ತಕ್ಕೆ ಹೋದರೂ ವೇಗದಲ್ಲಿ ಹೆಚ್ಚು ಬದಲಾವಣೆ ಇಲ್ಲ. ಸಾಂದ್ರತೆ ಹಾಗಲ್ಲ, ಅದು ಲೆಕ್ಕಕ್ಕೆ ಸರಿಯಾಗಿ ಇಳಿಯುತ್ತದೆ: ಮೇಲಿನ ಮರಳಿನಲ್ಲೇ ಐದು ಪಾಲಿಗೆ 2.155, ಎಂಬತ್ತಕ್ಕೆ 1.93. ಮಾರಾಟಕ್ಕೆ ಬಾರದ ಐದು ಪಾಲಿನ ಗ್ಯಾಸೂ ಪರದೆ ಮೇಲೆ ಜೋರಾಗಿಯೇ ಹೊಳೆಯುವುದು ಇದಕ್ಕೆ. ಆಂಪ್ಲಿಟ್ಯೂಡ್ ನೋಡಿ ಕೊರೆದ ಬಾವಿಗಳು ಇಂಥ ಅರೆಬರೆ ಗ್ಯಾಸ್‌ಗೆ ಹೋಗಿ ಬಿದ್ದ ಕಥೆ ಜಗತ್ತಿನ ಹಲವು ಬೇಸಿನ್‌ಗಳಲ್ಲಿದೆ.

ಹಾಗಾಗಿ ಹೊಳಪಿನ ಜೊತೆ ಬೇರೆ ಸಾಕ್ಷಿ ಬೇಕು. ಹೊಳಪಿನ ಅಂಚು ರಚನೆಯ ಕಾಂಟೂರಿನ (ಒಂದೇ ಆಳದ ಜಾಗಗಳನ್ನು ಕೂಡಿಸುವ ಗೆರೆಯ) ಜೊತೆ ನಿಲ್ಲುತ್ತದೆಯೇ? ಗ್ಯಾಸ್ ಮತ್ತು ನೀರಿನ ಗಡಿಯಲ್ಲಿ ಸುತ್ತಲಿನ ಪದರಗಳನ್ನು ಅಡ್ಡ ಕತ್ತರಿಸುವ ಸಮತಟ್ಟಾದ ಗೆರೆ ಇದೆಯೇ? ಕೆಳಗಿನ ಪದರಗಳು ಜೋತುಬಿದ್ದಿವೆಯೇ? ಕೊನೆಯದರ ಬಗ್ಗೆ ಒಂದು ಎಚ್ಚರಿಕೆ. 15 ಮೀಟರ್ ಮರಳಿನಲ್ಲಿ ವೇಗ 2050ರಿಂದ 1700ಕ್ಕೆ ಇಳಿದರೆ ಕೆಳಗಿನದು ಜೋಲುವುದು ಬರೀ 3 ಮಿಲಿಸೆಕೆಂಡು, ಒಂದು ಸ್ಯಾಂಪಲ್‌ಗಿಂತ ಕಡಿಮೆ. ಜೋಲು ಕಾಣಲಿಲ್ಲ ಅಂತ ಗ್ಯಾಸ್ ಇಲ್ಲ ಅನ್ನಬಾರದು. 25 ಮಿಲಿಸೆಕೆಂಡು ಜೋತರೆ ಅದಕ್ಕೆ ಕಾರಣ ಈ ಒಂದು ಪಟ್ಟಿಯಲ್ಲ, ಮೇಲೆ ದಪ್ಪನೆಯ ಗ್ಯಾಸ್ ಹರಡಿಕೊಂಡಿದೆ.

ಟ್ಯೂನಿಂಗ್ ಇನ್ನೊಂದು. 1700 ವೇಗ, 40 ಹರ್ಟ್ಜ್ ಅಂದರೆ ಕಾಲು ತರಂಗಾಂತರ ಸುಮಾರು 10.6 ಮೀಟರ್. ಮರಳು ಆ ದಪ್ಪಕ್ಕೆ ಬಂದಾಗ ಮೇಲಿನ ಮತ್ತು ಕೆಳಗಿನ ಪ್ರತಿಫಲನಗಳು ಕೂಡಿಕೊಂಡು ತಾನಾಗಿ ಹೊಳಪು ಏರುತ್ತದೆ. ಅಂಚಿಗೆ ತೆಳುವಾಗುತ್ತಾ ಹೋಗುವ ಮರಳಿನಲ್ಲಿ ಹೊಳೆಯುವ ಉಂಗುರ ಕಂಡರೆ ಮೊದಲ ಅನುಮಾನ ದಪ್ಪದ ಮೇಲೆ ಇರಲಿ.

ರೆಸಿಸ್ಟಿವಿಟಿಗೆ ಬಂದರೆ

ನೀರೆಷ್ಟು, ಗ್ಯಾಸೆಷ್ಟು ಅನ್ನುವ ಪಾಲು ಹೇಳಲು ಸೋನಿಕ್, ಗಾಮಾ, ಸಾಂದ್ರತೆ ಸಾಲವು, ರೆಸಿಸ್ಟಿವಿಟಿ ಬೇಕು. ಇದನ್ನು ಕಲಿಯುವವರಿಗೆ ನಾರ್ವೆಯ ವೋಲ್ವ್ ಒಳ್ಳೆಯದು. ಹ್ಯೂಗಿನ್ ಮರಳುಗಲ್ಲಿನ ಆ ಎಣ್ಣೆ ನಿಕ್ಷೇಪ 2008ರಿಂದ 2016ರವರೆಗೆ ಉತ್ಪಾದಿಸಿ ಮುಚ್ಚಿತು, 2018ರಲ್ಲಿ ನಾರ್ವೆಯ ತೈಲ ಕಂಪನಿ ಈಕ್ವಿನಾರ್ ಅದರ ಸುಮಾರು 40,000 ಫೈಲುಗಳನ್ನು ಬಿಡುಗಡೆ ಮಾಡಿತು.

ರೆಸಿಸ್ಟಿವಿಟಿಯಿಂದ ನೀರಿನ ಪಾಲು ತೆಗೆಯುವ ಸೂತ್ರ 1942ರಲ್ಲಿ ಆರ್ಚಿ ಪ್ರಕಟಿಸಿದ್ದು. ನೀರಿನ ರೆಸಿಸ್ಟಿವಿಟಿಯನ್ನು ರಂಧ್ರತೆಯ ವರ್ಗದಿಂದಲೂ ಕಲ್ಲಿನ ರೆಸಿಸ್ಟಿವಿಟಿಯಿಂದಲೂ ಭಾಗಿಸಿ ವರ್ಗಮೂಲ ತೆಗೆದರೆ ನೀರಿನ ಪಾಲು ಬರುತ್ತದೆ. ರಂಧ್ರತೆ 0.28, ಕಲ್ಲು 12 ಓಮ್-ಮೀಟರ್, ನೀರು 0.058 ಅಂದರೆ ನೀರಿನ ಪಾಲು 25, ಉಳಿದ 75 ಎಣ್ಣೆಯೋ ಗ್ಯಾಸೋ. ನೀರಿನ ಆ ಅಂಕಿಯಲ್ಲೇ ಎಡವಟ್ಟು ಆಗುವುದು. ಲ್ಯಾಬ್‌ನಲ್ಲಿ 25 ಡಿಗ್ರಿಯಲ್ಲಿ 0.12 ಅಂತ ಅಳೆದ ನೀರು 75 ಡಿಗ್ರಿಯ ಆಳದಲ್ಲಿ 0.058 ಆಗಿರುತ್ತದೆ. ಎರಡು ತಾಪಮಾನಗಳಿಗೂ 21.5 ಕೂಡಿಸಿ ಅನುಪಾತ ತೆಗೆದರೆ ಸಾಕು. ಈ ಒಂದು ಹೆಜ್ಜೆ ಬಿಟ್ಟು 0.12 ಹಾಕಿದರೆ ನೀರಿನ ಪಾಲು 36ಕ್ಕೆ ಏರುತ್ತದೆ.

ಶೇಲ್‌ನ ಪಾಲು ತೆಗೆಯುವಾಗಲೂ ಎಳೆಯ ಪದರಕ್ಕೆ ಎಳೆಯ ಪದರದ ಸೂತ್ರವೇ ಬೇಕು. ಗಾಮಾ ರೇ ಸೂಚ್ಯಂಕ (ಶುದ್ಧ ಮರಳಿಗೆ 0, ಶುದ್ಧ ಶೇಲ್‌ಗೆ 1) 0.5 ಅಂದರೆ ನೇರ ಲೆಕ್ಕದಲ್ಲಿ ಅರ್ಧ ಶೇಲ್, ಎಳೆಯ ಪದರಗಳಿಗಾಗಿ ಇರುವ ಲಾರಿಯೋನೋವ್‌ನ ಟರ್ಷಿಯರಿ ಸೂತ್ರದಲ್ಲಿ ಬರೀ 22 ಪಾಲು. ಒಳ್ಳೆಯ ಮರಳನ್ನು ಜೇಡಿ ಅಂತ ಎಸೆಯುವುದಕ್ಕೆ ಇಷ್ಟು ಸಾಕು.

ಆರ್ಚಿ ಕೈಕೊಡುವ ಜಾಗ ತೆಳು ಪದರಗಳದ್ದು. ನಮ್ಮ ಕೃಷ್ಣಾ-ಗೋದಾವರಿ ಬೇಸಿನ್‌ನ ಆಳಸಮುದ್ರದಲ್ಲಿ ಇದು ಮಾಮೂಲಿ. ಕೆಲವೇ ಸೆಂಟಿಮೀಟರಿನ ಮರಳು, ಕೆಲವೇ ಸೆಂಟಿಮೀಟರಿನ ಶೇಲ್, ಮತ್ತೆ ಮರಳು. ಗ್ಯಾಸ್ ಮರಳು 20 ಓಮ್-ಮೀಟರ್, ಶೇಲ್ 1, ಅರ್ಧರ್ಧ ಅಂದುಕೊಳ್ಳಿ. ಲಂಬ ಬಾವಿಯಲ್ಲಿ ಸಾಮಾನ್ಯ ಇಂಡಕ್ಷನ್ ಉಪಕರಣದ ಕರೆಂಟ್ ಪದರಗಳ ಉದ್ದಕ್ಕೆ ಹರಿದು ಸುಲಭದ ದಾರಿ ಶೇಲ್‌ನಲ್ಲಿ ಓಡುತ್ತದೆ. ಓದು 1.9. ನೀರಿನ ಮರಳು ಅಂತ ಬರೆದು ಮುಂದೆ ಹೋಗುತ್ತಾರೆ. ಪದರಗಳಿಗೆ ಅಡ್ಡವಾಗಿಯೂ ಅಳೆಯುವ ಉಪಕರಣ ಇಳಿಸಿದರೆ ಅಲ್ಲಿ 10.5 ಬರುತ್ತದೆ. ಎರಡು ಅಂಕಿಗಳ ಈ ಅಂತರವೇ ಮರಳು ಅಡಗಿದೆ ಅನ್ನುವ ಗುರುತು.

ಕೊನೆಗೆ ಗಾತ್ರ. 4 ಚದರ ಕಿಲೋಮೀಟರ್, 15 ಮೀಟರ್ ನಿವ್ವಳ ಮರಳು, ರಂಧ್ರತೆ 0.28, ಗ್ಯಾಸ್‌ನ ಪಾಲು 0.75 ಅಂದರೆ ನೆಲದಡಿ 1.26 ಕೋಟಿ ಘನ ಮೀಟರ್. ಸುಮಾರು 50 ಬಾರ್ ಒತ್ತಡದಿಂದ ಮೇಲೆ ಬಂದು ಹಿಗ್ಗಿದರೆ ಅದರ 50 ಪಟ್ಟು, 63 ಕೋಟಿ. ರಂಧ್ರತೆ 45 ಅಂತ ನಂಬಿದ್ದವರ ಕಾಗದದಲ್ಲಿ ಇದು 100 ಕೋಟಿ ದಾಟಿರುತ್ತದೆ, ನೆಲದಡಿ ಒಂದು ಗುಳ್ಳೆ ಗ್ಯಾಸೂ ಹೆಚ್ಚಿರುವುದಿಲ್ಲ. ವಿಸ್ತೀರ್ಣಕ್ಕೆ ಕಡಿಮೆ ಅಂದಾಜಿನಲ್ಲಿ ಹೊಳಪೂ ಕಾಂಟೂರೂ ಒಟ್ಟಿಗೆ ಇರುವಷ್ಟನ್ನೇ ಹಾಕಿ, ಹೆಚ್ಚಿನ ಅಂದಾಜಿನಲ್ಲಿ ಬಲೆಯ (ಗ್ಯಾಸನ್ನು ಹಿಡಿದಿಡುವ ರಚನೆಯ) ಕೊನೆಯ ಕಾಂಟೂರಿನವರೆಗೆ ಹೋಗಿ. ಆದರೆ ಐದು ಪಾಲಿನ ಗ್ಯಾಸ್ ಇರಬಹುದು ಅನ್ನುವ ಭಯವನ್ನು ಕಡಿಮೆ ಅಂದಾಜಿನೊಳಗೆ ಸೇರಿಸಬೇಡಿ. ಹಾಗೆ ಸೇರಿಸಿದರೆ 75 ಮತ್ತು 5ರ ಸರಾಸರಿ 40 ಅಂತ ಒಂದು ಅಂಕಿ ಬರುತ್ತದೆ, ಅಂಥ ಮರಳು ಅಲ್ಲಿ ಎಲ್ಲೂ ಇರುವುದಿಲ್ಲ. ಅದು ಗಾತ್ರದ ಸಾಲಿಗೆ ಸೇರಿದ್ದಲ್ಲ, ಬಾವಿ ಫಲ ಕೊಡುವ ಸಾಧ್ಯತೆಯ ಸಾಲಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕಾದದ್ದು.